ಕಲಿಕೆಗೆ ಆಸರೆ: ಜೆರೋಮ್ ಬ್ರೂನರ್ ಅವರ ಸಿದ್ಧಾಂತ ಮತ್ತು ನಮ್ಮ ನಲಿ-ಕಲಿ ತರಗತಿಗಳು

(ದಾಂಡೇಲಿ, ಹಳಿಯಾಳ, ಜೋಯಿಡಾ ಹಾಗೂ ಮುಂಡಗೋಡ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಭ್ಯಾಸ ಲೇಖನ)



ಗ್ರಾಮಸಭೆಯಲ್ಲಿ ಶಾಲೆಯ ವಿಷಯ ಬಂದಾಗಲೆಲ್ಲ ಪಾಲಕರಿಂದ ಸಾಮಾನ್ಯವಾಗಿ ಕೇಳಿಬರುವ ದೂರು ಒಂದಿದೆ. ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳೆಲ್ಲ ಒಂದೇ ಕೊಠಡಿಯಲ್ಲಿ ಕಾರ್ಡು, ಕಡ್ಡಿ ಹಿಡಿದು ಗುಂಪಾಗಿ ಕುಳಿತಿರುತ್ತಾರೆ. ಶಿಕ್ಷಕರು ಹಲಗೆಯ ಮುಂದೆ ನಿಂತು ಪಾಠ ಹೇಳುವುದಿಲ್ಲ. ಮಕ್ಕಳು ಆಡುತ್ತಿದ್ದಾರೆಯೇ ಹೊರತು ಓದುತ್ತಿಲ್ಲ ಎಂಬುದೇ ಆ ದೂರು. ಇಂತಹ ಮಾತು ಊರಿನಲ್ಲಿ ಹಬ್ಬಿದಾಗ ಅನುಕೂಲವಿರುವ ಪಾಲಕರು ತಮ್ಮ ಮಕ್ಕಳನ್ನು ಪೇಟೆಯ ಖಾಸಗಿ ಶಾಲೆಗೆ ಕಳುಹಿಸುತ್ತಾರೆ. ದಾಖಲಾತಿ ಕುಸಿಯುತ್ತದೆ, ಶಿಕ್ಷಕರ ಹುದ್ದೆ ಬೇರೆಡೆಗೆ ಹೋಗುತ್ತದೆ, ಉಳಿದ ಬಡ ಮಕ್ಕಳಿಗೆ ಒಬ್ಬರೇ ಶಿಕ್ಷಕರು ಎಂಬ ಸ್ಥಿತಿ ಬರುತ್ತದೆ. ಜೋಯಿಡಾದ ಕಾಡಿನ ನಡುವಿನ ಮಜಿರೆಗಳಲ್ಲಿ ಶಾಲೆಯೊಂದು ಮುಚ್ಚಿದರೆ ಮುಂದಿನ ಶಾಲೆ ಎಷ್ಟು ದೂರ ಎಂಬುದನ್ನು ಅಲ್ಲಿನ ಸದಸ್ಯರಿಗೆ ಬೇರೆ ಹೇಳಬೇಕಾಗಿಲ್ಲ. ಆದುದರಿಂದ ಈ ದೂರಿನಲ್ಲಿ ಎಷ್ಟು ಸತ್ಯವಿದೆ, ಎಷ್ಟು ತಪ್ಪು ತಿಳಿವಳಿಕೆಯಿದೆ ಎಂಬುದನ್ನು ವಿವೇಚಿಸುವ ಶಕ್ತಿ ಚುನಾಯಿತ ಸದಸ್ಯರಲ್ಲಿರುವುದು ಅವಶ್ಯ. ಅದಕ್ಕೆ ನೆರವಾಗುವಂತೆ, ಶಿಕ್ಷಕರ ತರಬೇತಿಯಲ್ಲಿ ಪ್ರತಿಯೊಬ್ಬರೂ ಓದುವ ಮನೋವಿಜ್ಞಾನಿಯೊಬ್ಬರ ವಿಚಾರಗಳನ್ನು ಇಲ್ಲಿ ನಮ್ಮ ತಾಲ್ಲೂಕುಗಳ ಸಂದರ್ಭದಲ್ಲಿಟ್ಟು ವಿವರಿಸಲಾಗಿದೆ.

ಯಾರು ಈ ಬ್ರೂನರ್?

ಜೆರೋಮ್ ಬ್ರೂನರ್ ಅವರು 1915ರ ಅಕ್ಟೋಬರ್ 1ರಂದು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ಹುಟ್ಟುವಾಗಲೇ ಅವರ ಕಣ್ಣುಗಳಲ್ಲಿ ಪೊರೆಯಿದ್ದು, ಎರಡನೆಯ ವಯಸ್ಸಿನಲ್ಲಿ ಶಸ್ತ್ರಚಿಕಿತ್ಸೆಯಾದ ನಂತರವೇ ಅವರಿಗೆ ದೃಷ್ಟಿ ಬಂದಿತು. ಹಾರ್ವರ್ಡ್, ಆಕ್ಸ್‌ಫರ್ಡ್ ಹಾಗೂ ನ್ಯೂಯಾರ್ಕ್ ವಿಶ್ವವಿದ್ಯಾಲಯಗಳಲ್ಲಿ ದುಡಿದ ಅವರು 2016ರ ಜೂನ್ 5ರಂದು, ನೂರು ವರ್ಷ ತುಂಬಿದ ಬಳಿಕ ನಿಧನರಾದರು.

ಅವರು ಕೆಲಸ ಆರಂಭಿಸಿದ ಕಾಲದಲ್ಲಿ ಅಮೆರಿಕದ ಮನೋವಿಜ್ಞಾನವು ಕಲಿಕೆಯನ್ನು ಅಭ್ಯಾಸಬಲವೆಂದೇ ಎಣಿಸಿತ್ತು. ಸರಿಯಾಗಿ ಮಾಡಿದರೆ ಬಹುಮಾನ, ತಪ್ಪಿದರೆ ಶಿಕ್ಷೆ, ಮತ್ತೆ ಮತ್ತೆ ಪುನರಾವರ್ತನೆ. ಇಷ್ಟರಲ್ಲಿ ಕಲಿಕೆ ಮುಗಿಯಿತು. ಬ್ರೂನರ್ ಇದನ್ನು ಒಪ್ಪಲಿಲ್ಲ. 1947ರಲ್ಲಿ ಅವರು ಸಹೋದ್ಯೋಗಿಯೊಬ್ಬರೊಡನೆ ನಡೆಸಿದ ಪ್ರಯೋಗವೊಂದರಲ್ಲಿ ಹತ್ತು ವರ್ಷದ ಆಸುಪಾಸಿನ ಮಕ್ಕಳಿಗೆ ನಾಣ್ಯಗಳ ಗಾತ್ರವನ್ನು ಅಂದಾಜಿಸಲು ಹೇಳಲಾಯಿತು. ಶ್ರೀಮಂತ ಮನೆಯ ಮಕ್ಕಳಿಗಿಂತ ಬಡ ಮನೆಯ ಮಕ್ಕಳು ನಾಣ್ಯಗಳನ್ನು ಹೆಚ್ಚು ದೊಡ್ಡದಾಗಿ ಕಂಡರು. ಈ ಫಲಿತಾಂಶದ ಬಗ್ಗೆ ಮುಂದೆ ವಿದ್ವಾಂಸರಲ್ಲಿ ಸಾಕಷ್ಟು ವಾದವಿವಾದ ನಡೆಯಿತು. ಆದರೆ ಅದರ ಹಿಂದಿನ ವಿಚಾರ ಉಳಿದುಕೊಂಡಿತು: ಮಗು ತಾನು ಬದುಕುವ ಮನೆ, ಊರು, ಕೊರತೆ, ಆಸೆ ಇವೆಲ್ಲವನ್ನೂ ಕಣ್ಣಿನೊಳಗೆ ಇಟ್ಟುಕೊಂಡೇ ಲೋಕವನ್ನು ನೋಡುತ್ತದೆ. ಅದರ ಮನಸ್ಸು ಖಾಲಿ ಕೊಡವಲ್ಲ.

1957ರಲ್ಲಿ ರಷ್ಯಾ ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದಾಗ ತಮ್ಮ ಶಾಲೆಗಳಲ್ಲಿ ಏನೋ ಕೊರತೆಯಿದೆ ಎಂಬ ಗಾಬರಿ ಅಮೆರಿಕದಲ್ಲಿ ಹುಟ್ಟಿತು. 1959ರಲ್ಲಿ ವುಡ್ಸ್ ಹೋಲ್ ಎಂಬಲ್ಲಿ ವಿಜ್ಞಾನಿಗಳು, ಶಿಕ್ಷಣತಜ್ಞರು ಸೇರಿ ನಡೆಸಿದ ಚರ್ಚೆಗೆ ಬ್ರೂನರ್ ಅಧ್ಯಕ್ಷರಾಗಿದ್ದರು. ಅದರ ಸಾರವಾಗಿ 1960ರಲ್ಲಿ ಪ್ರಕಟವಾದ ಅವರ ‘ದಿ ಪ್ರೋಸೆಸ್ ಆಫ್ ಎಜುಕೇಶನ್’ ಎಂಬ ಚಿಕ್ಕ ಪುಸ್ತಕ ಜಗತ್ತಿನ ಅನೇಕ ದೇಶಗಳ ಪಠ್ಯಕ್ರಮದ ಮೇಲೆ ಪ್ರಭಾವ ಬೀರಿತು.

ಕೈ, ಚಿತ್ರ, ಅಕ್ಷರ

ಮನುಷ್ಯನು ತಿಳಿವಳಿಕೆಯನ್ನು ಮೂರು ಬಗೆಯಲ್ಲಿ ಹಿಡಿದಿಟ್ಟುಕೊಳ್ಳುತ್ತಾನೆ ಎಂಬುದು ಬ್ರೂನರ್ ಅವರ ಸಿದ್ಧಾಂತದ ತಳಹದಿ. ಮೊದಲನೆಯದು ಕ್ರಿಯೆಯ ಮೂಲಕ, ಅಂದರೆ ಕೈಯಿಂದ ಮಾಡಿ. ಎರಡನೆಯದು ಚಿತ್ರದ ಅಥವಾ ಮನಸ್ಸಿನಲ್ಲಿ ಮೂಡುವ ಬಿಂಬದ ಮೂಲಕ. ಮೂರನೆಯದು ಸಂಕೇತದ ಮೂಲಕ. ಭಾಷೆ, ಅಕ್ಷರ, ಅಂಕಿ ಇವೆಲ್ಲ ಸಂಕೇತಗಳು.

ಒಂದು ಪಾಠವನ್ನೇ ತೆಗೆದುಕೊಳ್ಳೋಣ. ಮೂವತ್ತನಾಲ್ಕು ಎಂಬ ಸಂಖ್ಯೆಯನ್ನು ಎರಡನೆಯ ತರಗತಿಯ ಮಗುವಿಗೆ ಕಲಿಸಬೇಕಾಗಿದೆ. ಶಿಕ್ಷಕರು ಹಲಗೆಯ ಮೇಲೆ 34 ಎಂದು ಬರೆದು ಇಪ್ಪತ್ತು ಸಲ ನಕಲು ಮಾಡಿಸಬಹುದು. ಮಗು ಬರೆಯುತ್ತದೆ. ಆದರೆ ಅದೇ ಮಗುವಿಗೆ 34 ಮತ್ತು 43ರಲ್ಲಿ ಯಾವುದು ದೊಡ್ಡದು ಎಂದು ಕೇಳಿದರೆ ತಡವರಿಸುತ್ತದೆ, ಏಕೆಂದರೆ ಅದರ ಪಾಲಿಗೆ 3 ಮತ್ತು 4 ಎಂಬವು ಅಕ್ಕಪಕ್ಕ ಕುಳಿತ ಎರಡು ಗೆರೆಗಳು ಮಾತ್ರ. ಇದಕ್ಕೆ ಬದಲಾಗಿ ಬಿದಿರಿನ ಕಡ್ಡಿಗಳನ್ನು ಕೊಟ್ಟು ಹತ್ತು ಹತ್ತರಂತೆ ಎಣಿಸಿ ಕಟ್ಟು ಕಟ್ಟಲು ಹೇಳಿದರೆ ಮೂರು ಕಟ್ಟು, ನಾಲ್ಕು ಬಿಡಿ ಕಡ್ಡಿ ಆಗುತ್ತದೆ. ಇದು ಕೈಯ ಕಲಿಕೆ. ನಂತರ ಕಟ್ಟಿಗೊಂದು ಉದ್ದ ಗೆರೆ, ಬಿಡಿಗೊಂದು ಚುಕ್ಕೆ ಎಂದು ಪಾಟಿಯ ಮೇಲೆ ಚಿತ್ರಿಸುತ್ತದೆ. ಕೊನೆಗೆ 34 ಎಂದು ಬರೆಯುತ್ತದೆ. ಈಗ ಆ 3ರ ಹಿಂದೆ ಮೂರು ಕಟ್ಟುಗಳಿವೆ. ಹಳಿಯಾಳದ ಕಡೆ ಕಬ್ಬಿನ ಕಟ್ಟು ಕಟ್ಟುವುದನ್ನು ನೋಡಿ ಬೆಳೆದ ಮಗುವಿಗೆ ಇದು ಹೊಸ ವಿದ್ಯೆಯೇ ಅಲ್ಲ.

ಈ ಮೂರು ಬಗೆಗಳು ವಯಸ್ಸಾದಂತೆ ಬಿಟ್ಟುಹೋಗುವ ಮೆಟ್ಟಿಲುಗಳಲ್ಲ ಎಂಬುದನ್ನು ಗಮನಿಸಬೇಕು. ಚರಂಡಿ ಕಾಮಗಾರಿಯ ಅಂದಾಜುಪಟ್ಟಿ ಸಭೆಯ ಮುಂದೆ ಬಂದಾಗ ಅಂಕಿಗಳನ್ನಷ್ಟೇ ಓದಿ ಅರ್ಥವಾಗದ ಸದಸ್ಯರು ನಕ್ಷೆಯನ್ನು ಕೇಳುತ್ತಾರೆ; ಅದೂ ಸಾಲದಿದ್ದರೆ ಸ್ಥಳಕ್ಕೆ ಹೋಗಿ ಹೆಜ್ಜೆ ಹಾಕಿ ಅಳೆಯುತ್ತಾರೆ. ದೊಡ್ಡವರೇ ಹೀಗೆ ಮಾಡುವಾಗ ಏಳು ವರ್ಷದ ಮಗುವನ್ನು ನೇರವಾಗಿ ಅಂಕಿಗೆ ತಂದು ನಿಲ್ಲಿಸುವುದು ನ್ಯಾಯವಲ್ಲ.

ಸುರುಳಿಯಾಗಿ ಬೆಳೆಯುವ ಪಠ್ಯ

ಯಾವ ವಿಷಯವನ್ನೇ ಆಗಲಿ, ಅದರ ಸತ್ಯವನ್ನು ಕೆಡಿಸದೆ, ಯಾವ ವಯಸ್ಸಿನ ಮಗುವಿಗೂ ಅದರ ಮಟ್ಟಕ್ಕೆ ತಕ್ಕಂತೆ ಕಲಿಸಬಹುದು ಎಂಬುದು ಬ್ರೂನರ್ ಅವರ ಪ್ರಸಿದ್ಧ ಪ್ರತಿಪಾದನೆ. ಒಮ್ಮೆ ಕಲಿಸಿದ್ದನ್ನು ಕೆಲವು ವರ್ಷಗಳ ಬಳಿಕ ಇನ್ನೂ ಆಳವಾಗಿ, ಮತ್ತೆ ಕೆಲವು ವರ್ಷಗಳ ಬಳಿಕ ಇನ್ನಷ್ಟು ಆಳವಾಗಿ ಎತ್ತಿಕೊಳ್ಳಬೇಕು. ಇದನ್ನು ಸುರುಳಿ ಪಠ್ಯಕ್ರಮ ಎನ್ನುತ್ತಾರೆ.

ನಮ್ಮ ಕಾಳಿ ನದಿಯೇ ಇದಕ್ಕೆ ಒಳ್ಳೆಯ ನಿದರ್ಶನ. ಒಂದನೆಯ ತರಗತಿಯಲ್ಲಿ ಮಳೆನೀರು ಅಂಗಳದಲ್ಲಿ ಯಾವ ಕಡೆ ಹರಿಯುತ್ತದೆ ಎಂದು ನೋಡಿದರೆ ಸಾಕು. ಐದನೆಯ ತರಗತಿಯಲ್ಲಿ ಜೋಯಿಡಾದ ಘಟ್ಟದಲ್ಲಿ ಹುಟ್ಟಿದ ನದಿ ಸೂಪಾ ಅಣೆಕಟ್ಟನ್ನು ದಾಟಿ, ದಾಂಡೇಲಿಯ ಮೂಲಕ ಹರಿದು ಕಾರವಾರದಲ್ಲಿ ಅರಬ್ಬೀ ಸಮುದ್ರ ಸೇರುವ ದಾರಿಯನ್ನು ನಕಾಶೆಯಲ್ಲಿ ಬೆರಳಿಟ್ಟು ಗುರುತಿಸಬಹುದು. ಎಂಟನೆಯ ತರಗತಿಯಲ್ಲಿ ಅಂಬಿಕಾನಗರದ ನಾಗಝರಿ ವಿದ್ಯುದಾಗಾರದಲ್ಲಿ ಅದೇ ನೀರು ಎತ್ತರದಿಂದ ಬಿದ್ದು ವಿದ್ಯುತ್ತಾಗುವ ಬಗೆಯನ್ನು ಕಲಿಯಬಹುದು. ಅಂಗಳದ ನೀರು ಇಳಿಜಾರಿನತ್ತಲೇ ಹರಿಯುತ್ತದೆ ಎಂಬುದನ್ನು ಮೊದಲೇ ಕಂಡ ಮಗುವಿಗೆ ಎಂಟನೆಯ ತರಗತಿಯ ಪಾಠ ಅಪರಿಚಿತವೆನಿಸುವುದಿಲ್ಲ.

ಆಸರೆ ಎಂದರೇನು?

ಗ್ರಾಮ ಪಂಚಾಯಿತಿ ಸದಸ್ಯರಿಗೆ ಬ್ರೂನರ್ ಅವರ ವಿಚಾರಗಳಲ್ಲಿ ಅತ್ಯಂತ ಉಪಯುಕ್ತವಾದುದು ಇದೇ ಎಂದು ನಮ್ಮ ಭಾವನೆ. 1976ರಲ್ಲಿ ಡೇವಿಡ್ ವುಡ್, ಬ್ರೂನರ್ ಮತ್ತು ಗೇಲ್ ರಾಸ್ ಸೇರಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಮೂರು, ನಾಲ್ಕು ಹಾಗೂ ಐದು ವರ್ಷದ 30 ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದರಂತೆ 21 ಮರದ ತುಂಡುಗಳ ಕಟ್ಟಡದಾಟವೊಂದನ್ನು ಕೊಟ್ಟು, ಅವುಗಳನ್ನು ಒಂದಕ್ಕೊಂದು ಜೋಡಿಸಿ ಗೋಪುರವಾಗಿಸಲು ಕಲಿಸಲಾಯಿತು. ಕಲಿಸುವವರಿಗೆ ಒಂದು ನಿಯಮವಿತ್ತು: ಮಗು ತಾನೇ ಮಾಡಬಲ್ಲದನ್ನು ತಾವು ಮಾಡಿಕೊಡಬಾರದು. ಮೂರು ವರ್ಷದ ಮಕ್ಕಳಿಗೆ ಮಾಡಿ ತೋರಿಸಿ, ಮತ್ತೆ ಮತ್ತೆ ಆಟದತ್ತ ಸೆಳೆಯಬೇಕಾಯಿತು. ನಾಲ್ಕು ವರ್ಷದವರಿಗೆ ಬಾಯಿಮಾತಿನ ಸೂಚನೆ ಸಾಕಾಯಿತು. ಐದು ವರ್ಷದವರು ಬಹುಮಟ್ಟಿಗೆ ತಾವೇ ಕಟ್ಟಿ, ಸರಿಯಾಯಿತೇ ಎಂದು ಕೇಳಿದರು. ಮಗುವಿನ ಶಕ್ತಿ ಬೆಳೆದಂತೆ ಹಿಂದಕ್ಕೆ ಸರಿಯುವ ಈ ನೆರವನ್ನು ಅವರು ಕಟ್ಟಡಕ್ಕೆ ಕೊಡುವ ಆಸರೆಗೆ ಹೋಲಿಸಿದರು.

ಕಾಮಗಾರಿಗಳನ್ನು ನೋಡಿರುವ ಸದಸ್ಯರಿಗೆ ಸ್ಲ್ಯಾಬಿನ ಕೆಳಗಿನ ಸೆಂಟ್ರಿಂಗ್ ಪರಿಚಿತ. ಕಾಂಕ್ರೀಟು ಬಲಿಯುವ ಮೊದಲೇ ಕಂಬ ಕಿತ್ತರೆ ಸ್ಲ್ಯಾಬು ಬೀಳುತ್ತದೆ. ಬಲಿತ ಮೇಲೂ ಕೀಳದೆ ಬಿಟ್ಟರೆ ಆ ಕೊಠಡಿಯಲ್ಲಿ ಯಾರೂ ವಾಸಿಸಲಾಗದು. ಶಿಕ್ಷಕರ ಕೌಶಲವೆಲ್ಲ ಕಂಬ ಯಾವಾಗ ಕೀಳಬೇಕೆಂಬುದನ್ನು ಅರಿಯುವುದರಲ್ಲಿದೆ, ಮತ್ತು ಆ ದಿನ ಪ್ರತಿಯೊಂದು ಮಗುವಿಗೂ ಬೇರೆ ಬೇರೆ.

ಈ ವಿಚಾರಕ್ಕೆ ಹಿನ್ನೆಲೆಯಾಗಿ ರಷ್ಯಾದ ಮನೋವಿಜ್ಞಾನಿ ಲೆವ್ ವೈಗೋಟ್‌ಸ್ಕಿ (1896–1934) ಅವರ ಚಿಂತನೆಯಿದೆ. ಮಗು ಒಂಟಿಯಾಗಿ ಮಾಡಬಲ್ಲದ್ದಕ್ಕೂ ತಿಳಿದವರ ನೆರವಿನಿಂದ ಮಾಡಬಲ್ಲದ್ದಕ್ಕೂ ನಡುವೆ ಇರುವ ಅಂತರದಲ್ಲೇ ಕಲಿಕೆ ನಡೆಯುತ್ತದೆ ಎಂದು ಅವರು ಹೇಳಿದ್ದರು. ಅವರ ಮುಖ್ಯ ಗ್ರಂಥ 1962ರಲ್ಲಿ ಇಂಗ್ಲಿಷಿಗೆ ಬಂದಾಗ ಅದಕ್ಕೆ ಪ್ರಸ್ತಾವನೆ ಬರೆದವರು ಬ್ರೂನರ್.

ನಲಿ-ಕಲಿಯಲ್ಲಿ ಇದೇ ತತ್ವ

ನಲಿ-ಕಲಿ ಬ್ರೂನರ್ ಅವರ ಪುಸ್ತಕದಿಂದ ಎತ್ತಿ ತಂದ ಪದ್ಧತಿಯಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಶಿಕ್ಷಕರು ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನೊಡನೆ ಅದನ್ನು ರೂಪಿಸಿದರು. ಹೆಗ್ಗಡದೇವನಕೋಟೆಯೂ ನಮ್ಮ ಜೋಯಿಡಾದಂತೆ ಕಾಡಂಚಿನ, ಬುಡಕಟ್ಟು ಕುಟುಂಬಗಳಿರುವ, ಚಿಕ್ಕ ಚಿಕ್ಕ ಶಾಲೆಗಳ ತಾಲ್ಲೂಕು ಎಂಬುದನ್ನು ನೆನಪಿಡಬೇಕು. ಬೆಂಗಳೂರಿನಲ್ಲಿ ಕುಳಿತು ಬರೆದ ಯೋಜನೆಯಾಗಿರದೆ, ಒಬ್ಬ ಶಿಕ್ಷಕರು ಹಲವು ತರಗತಿಗಳನ್ನು ಒಟ್ಟಿಗೆ ನೋಡಿಕೊಳ್ಳಬೇಕಾದ ಕಷ್ಟದಿಂದ ಅದು ಹುಟ್ಟಿತು. 2009-10ರ ವೇಳೆಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆ ಅದು ವಿಸ್ತರಿಸಿತು.

ತರಗತಿಯಲ್ಲಿ ಐದು ತಂಡಗಳಿರುತ್ತವೆ. ಒಂದು ತಂಡಕ್ಕೆ ಶಿಕ್ಷಕರ ಸಂಪೂರ್ಣ ನೆರವು, ಇನ್ನೊಂದಕ್ಕೆ ಶಿಕ್ಷಕರ ಭಾಗಶಃ ನೆರವು, ಮುಂದಿನದಕ್ಕೆ ಸಹಪಾಠಿಗಳ ಸಂಪೂರ್ಣ ನೆರವು, ನಂತರ ಸಹಪಾಠಿಗಳ ಭಾಗಶಃ ನೆರವು, ಕೊನೆಯದು ಸ್ವಕಲಿಕೆ. ಮಗು ಒಂದು ಕಲಿಕಾಂಶವನ್ನು ಮೊದಲ ತಂಡದಲ್ಲಿ ಆರಂಭಿಸಿ ಹಂತ ಹಂತವಾಗಿ ಸ್ವಕಲಿಕೆಯತ್ತ ಸಾಗುತ್ತದೆ. ಆಸರೆಯ ಕಂಬಗಳನ್ನು ಒಂದೊಂದಾಗಿ ಕೀಳುವ ಕ್ರಮ ಇದಲ್ಲದೆ ಬೇರೇನು? ಕಲಿಕಾ ಏಣಿಯ ಮೇಲೆ ಮಗು ಎಲ್ಲಿದೆ ಎಂಬುದು ಅದಕ್ಕೇ ಗೊತ್ತಿರುತ್ತದೆ. ಗೋಡೆಯ ‘ಪ್ರಗತಿ ನೋಟ’ದಲ್ಲಿ ಅದು ದಾಖಲಾಗುತ್ತದೆ. ನಾಲ್ಕು ದಿನ ಗದ್ದೆ ಕೆಲಸಕ್ಕೋ ಜ್ವರಕ್ಕೋ ಗೈರಾದ ಮಗು ಬಂದ ದಿನ ತಾನು ನಿಲ್ಲಿಸಿದ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಮಳೆಗಾಲದಲ್ಲಿ ಹಳ್ಳ ತುಂಬಿ ಮಕ್ಕಳು ಶಾಲೆಗೆ ಬರಲಾಗದ ನಮ್ಮ ಊರುಗಳಿಗೆ ಇದೊಂದೇ ಗುಣ ಸಾಕು, ಈ ಪದ್ಧತಿಯನ್ನು ಉಳಿಸಿಕೊಳ್ಳಲು.

ಹೀಗಾಗಿ ಶಿಕ್ಷಕರು ಒಂದು ತಂಡದೊಡನೆ ನೆಲದ ಮೇಲೆ ಕುಳಿತಿರುವಾಗ ಇನ್ನೊಂದು ತಂಡದಲ್ಲಿ ಗದ್ದಲವಿದ್ದರೆ ಅದನ್ನೇ ಲೋಪವೆಂದು ಬರೆದುಕೊಳ್ಳಬಾರದು. ಆ ಗದ್ದಲ ಎಂಥದು ಎಂದು ಹತ್ತಿರ ಹೋಗಿ ಕೇಳಬೇಕು. ಮಕ್ಕಳು ಕೈಯಲ್ಲಿರುವ ಕಾರ್ಡಿನ ಬಗ್ಗೆ ಮಾತನಾಡುತ್ತಿದ್ದಾರೆಯೇ, ಅಥವಾ ಮಾಡಲು ಏನೂ ಇಲ್ಲದೆ ಕುಳಿತಿದ್ದಾರೆಯೇ? ಮೊದಲನೆಯದು ಕಲಿಕೆ. ಎರಡನೆಯದು ನಿಜವಾದ ದೂರು, ಅದನ್ನು ಸಭೆಯಲ್ಲಿ ಎತ್ತಲೇಬೇಕು.

ಮನೆಮಾತಿನ ಪ್ರಶ್ನೆ

ಈಗ ನಮ್ಮ ನಾಲ್ಕು ತಾಲ್ಲೂಕುಗಳಿಗೆ ವಿಶೇಷವಾದ, ಹೆಗ್ಗಡದೇವನಕೋಟೆಯ ಅನುಭವವೊಂದರಿಂದಲೇ ಪರಿಹಾರವಾಗದ ವಿಷಯಕ್ಕೆ ಬರೋಣ. ಜೋಯಿಡಾದ ಕುಣಬಿ ಮನೆಗಳಲ್ಲಿ ಆಡುವುದು ಕೊಂಕಣಿ. ಗೌಳಿ ದಡ್ಡಿಗಳಲ್ಲಿ ಮರಾಠಿಯ ಒಂದು ರೂಪ. ಹಳಿಯಾಳ, ಮುಂಡಗೋಡಗಳ ಸಿದ್ದಿ ಕುಟುಂಬಗಳಲ್ಲಿ ಮರಾಠಿ, ಕನ್ನಡ ಬೆರೆತ ಅವರದೇ ಕೊಂಕಣಿ. ದಾಂಡೇಲಿಯಲ್ಲಿ ಕಾಗದ ಕಾರ್ಖಾನೆಯ ಕಾರಣದಿಂದ ಹಲವು ಪ್ರಾಂತಗಳ ಭಾಷೆಗಳು ಒಂದೇ ಓಣಿಯಲ್ಲಿ ಕೇಳಿಬರುತ್ತವೆ. ಈ ಮಕ್ಕಳಲ್ಲಿ ಬಹಳಷ್ಟು ಮಂದಿ ಆರನೆಯ ವಯಸ್ಸಿನಲ್ಲಿ ಕನ್ನಡ ಶಾಲೆಯ ಹೊಸ್ತಿಲು ದಾಟುತ್ತಾರೆ.

ಮಗು ಮಾತು ಕಲಿಯುವ ಬಗೆಯ ಕುರಿತು ಬ್ರೂನರ್ 1983ರಲ್ಲಿ ಪ್ರತ್ಯೇಕ ಪುಸ್ತಕವನ್ನೇ ಬರೆದರು. ತಾಯಿ ಸೆರಗಿನ ಹಿಂದೆ ಮುಖ ಮುಚ್ಚಿ ತೆರೆಯುವ ಆಟ, ಕೊಡು-ಕೊಳ್ಳುವ ಆಟ, ಉಣಿಸುವಾಗಿನ ಮಾತು ಇವು ದಿನವೂ ಒಂದೇ ಕ್ರಮದಲ್ಲಿ ನಡೆಯುವುದರಿಂದ ಮಗು ಮುಂದೇನು ಬರುತ್ತದೆಂದು ಊಹಿಸಬಲ್ಲದು, ಆ ಊಹೆಯ ಮೇಲೆ ಮಾತು ಕಟ್ಟಿಕೊಳ್ಳುತ್ತದೆ ಎಂದು ಅವರು ತೋರಿಸಿದರು. ಅಂದರೆ ಶಾಲೆಗೆ ಬರುವ ಮೊದಲೇ ಮಗುವಿಗೆ ಒಂದು ದೊಡ್ಡ ಆಸರೆ ಸಿದ್ಧವಾಗಿರುತ್ತದೆ, ಅದು ಮನೆಮಾತು. ನೀರನ್ನು ‘ಉದಕ’ ಎಂದೋ ‘ಪಾಣಿ’ ಎಂದೋ ಬಲ್ಲ ಮಗುವಿನ ಮುಂದೆ ‘ನೀರು’ ಎಂದು ಬರೆದು ಓದು ಎಂದಾಗ ಅದು ಎರಡು ಕೆಲಸಗಳನ್ನು ಒಟ್ಟಿಗೆ ಮಾಡಬೇಕು: ಹೊಸ ಭಾಷೆಯ ಪದವನ್ನು ತಿಳಿಯಬೇಕು, ಅದರ ಅಕ್ಷರವನ್ನೂ ಗುರುತಿಸಬೇಕು. ಉತ್ತರ ಕೊಡದೆ ಸುಮ್ಮನೆ ಕುಳಿತ ಇಂತಹ ಮಗುವನ್ನು ‘ದಡ್ಡ’ ಎಂದು ಕರೆದುಬಿಡುವುದು ಸುಲಭ. ಹೀಗೆ ಎರಡು ವರ್ಷ ಕರೆಸಿಕೊಂಡ ಮಗು ಮೂರನೆಯ ವರ್ಷ ದನ ಕಾಯಲು ಹೋದರೆ ಆಶ್ಚರ್ಯವೇನಿಲ್ಲ.

ಇದಕ್ಕೆ ಪರಿಹಾರ ಕನ್ನಡವನ್ನು ಕಡಿಮೆ ಮಾಡುವುದಲ್ಲ. ರಾಜ್ಯಭಾಷೆಯಲ್ಲಿ ಓದು ಬರಹ ಚೆನ್ನಾಗಿ ಬರುವುದು ಈ ಮಕ್ಕಳ ಮುಂದಿನ ಓದಿಗೂ ಕೆಲಸಕ್ಕೂ ಅಗತ್ಯ. ಬೇಕಾಗಿರುವುದು ದಾಟುವ ಸಂಕ. ಮೊದಲ ತಿಂಗಳುಗಳಲ್ಲಿ ಶಿಕ್ಷಕರು ವಸ್ತುವನ್ನು ಕೈಗೆ ಕೊಟ್ಟು ಮಗುವಿನ ಪದವನ್ನೂ ಕನ್ನಡದ ಪದವನ್ನೂ ಒಟ್ಟಿಗೆ ಹೇಳುವುದು, ಮೂರನೆಯ ತರಗತಿಯ ಕೊಂಕಣಿ ಮನೆಮಾತಿನ ಹುಡುಗಿಯನ್ನು ಒಂದನೆಯ ತರಗತಿಯ ತಂಡಕ್ಕೆ ಸಹಪಾಠಿ ನೆರವಿಗೆ ಕೂರಿಸುವುದು, ಊರಿನ ಅಜ್ಜಿಯೊಬ್ಬರನ್ನು ಕರೆಸಿ ಅವರ ಮಾತಿನಲ್ಲೇ ಕತೆ ಹೇಳಿಸಿ ಅದೇ ಕತೆಯನ್ನು ಬಳಿಕ ಕನ್ನಡದಲ್ಲಿ ಕಟ್ಟುವುದು ಇವೆಲ್ಲ ಹಣ ಬೇಡದ ಉಪಾಯಗಳು. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಕಲಮು ಚಟುವಟಿಕೆ, ಶೋಧನೆ, ಅನ್ವೇಷಣೆಗಳ ಮೂಲಕ ಕಲಿಕೆ ನಡೆಯಬೇಕೆಂದೂ, ಸಾಧ್ಯವಿದ್ದಷ್ಟು ಮಟ್ಟಿಗೆ ಬೋಧನೆ ಮಗುವಿನ ಮಾತೃಭಾಷೆಯಲ್ಲಿರಬೇಕೆಂದೂ ಹೇಳುತ್ತದೆ. ಮುಂಡಗೋಡದಲ್ಲಿ 1966ರಿಂದ ನೆಲೆಸಿರುವ ಟಿಬೆಟನ್ನರು ತಮ್ಮ ಶಾಲೆಗಳ ಆರಂಭಿಕ ತರಗತಿಗಳಲ್ಲಿ ತಮ್ಮ ಭಾಷೆಗೆ ಕೊಡುವ ಸ್ಥಾನವನ್ನು ಆ ಭಾಗದ ಸದಸ್ಯರು ಒಮ್ಮೆ ಹೋಗಿ ನೋಡಬಹುದು.

ಆಕ್ಷೇಪಗಳೂ ಇವೆ

ಮಗು ಎಲ್ಲವನ್ನೂ ತಾನೇ ಶೋಧಿಸಿ ಕಲಿಯಲಿ ಎಂದು ಬಿಟ್ಟುಬಿಡುವುದು ಬ್ರೂನರ್ ಅವರ ಮತವಲ್ಲ. ಆದರೂ ಅವರ ಹೆಸರಿನಲ್ಲಿ ಹಲವೆಡೆ ಹಾಗೆ ನಡೆದಿದೆ. ಅವರ ಸಮಕಾಲೀನರಾದ ಡೇವಿಡ್ ಆಸುಬೆಲ್, ಮಗುವಿಗೆ ಈಗಾಗಲೇ ತಿಳಿದಿರುವುದಕ್ಕೆ ಜೋಡಿಸಿ ಹೇಳಿದರೆ ನೇರ ವಿವರಣೆಯಿಂದಲೂ ಅರ್ಥಪೂರ್ಣ ಕಲಿಕೆ ಸಾಧ್ಯವೆಂದು ವಾದಿಸಿದರು. 2006ರಲ್ಲಿ ಕಿರ್ಶ್‌ನರ್, ಸ್ವೆಲ್ಲರ್ ಮತ್ತು ಕ್ಲಾರ್ಕ್ ಎಂಬ ಮೂವರು, ಮಾರ್ಗದರ್ಶನವಿಲ್ಲದ ಶೋಧನೆ ಹೊಸದಾಗಿ ಕಲಿಯುವವರ ನೆನಪಿನ ಮೇಲೆ ಅತಿಯಾದ ಭಾರ ಹೇರುತ್ತದೆ ಎಂದು ಬರೆದರು. ಈ ಮಾತಿನಲ್ಲಿ ತೂಕವಿದೆ. ಮಗ್ಗಿ ಬಾಯಿಪಾಠವಾಗಿರಬೇಕು ಎಂಬ ನಮ್ಮ ಹಿರಿಯರ ಹಟವೂ ಸರಿಯೇ. ಏಳು ಎಂಟಲೆ ಎಷ್ಟೆಂದು ಪ್ರತಿ ಸಲವೂ ಕಡ್ಡಿ ಎಣಿಸುವ ಐದನೆಯ ತರಗತಿಯ ಮಗುವಿಗೆ ಭಾಗಾಕಾರ ಬರುವುದಿಲ್ಲ. ಕಡ್ಡಿ ಮೊದಲು, ಮಗ್ಗಿ ನಂತರ.

ನಲಿ-ಕಲಿಯ ಲೋಪಗಳು ಸಿದ್ಧಾಂತದಲ್ಲಿರುವುದಕ್ಕಿಂತ ಹೆಚ್ಚಾಗಿ ನಡೆಸುವ ಬಗೆಯಲ್ಲಿವೆ. ಕಾರ್ಡುಗಳು ಹರಿದು ಕಳೆದುಹೋಗಿ ಏಣಿಯ ಮೆಟ್ಟಿಲುಗಳೇ ಕಾಣೆಯಾಗುತ್ತವೆ. ಶಿಕ್ಷಕರು ಬೇರೆ ಕರ್ತವ್ಯಕ್ಕೆ ಹೋದ ದಿನ ಐದು ತಂಡಗಳ ವ್ಯವಸ್ಥೆ ಕುಸಿಯುತ್ತದೆ. ಕೆಲವೆಡೆ ಕಾರ್ಡು ಮುಗಿಸುವುದೇ ಗುರಿಯಾಗಿ, ಮಗುವಿಗೆ ತಿಳಿಯಿತೇ ಎಂಬುದು ಹಿಂದೆ ಬೀಳುತ್ತದೆ.

ಚುನಾಯಿತರಿಗೆ ಸಂಬಂಧಿಸಿದ ಇನ್ನೊಂದು ಪ್ರಸಂಗವನ್ನು ಇಲ್ಲಿ ಹೇಳಬಹುದು. 1960ರ ದಶಕದಲ್ಲಿ ಬ್ರೂನರ್ ಅವರ ನೇತೃತ್ವದಲ್ಲಿ ಅಮೆರಿಕದ ಮಕ್ಕಳಿಗಾಗಿ ಸಮಾಜ ಪಾಠವೊಂದು ಸಿದ್ಧವಾಯಿತು. ಉತ್ತರ ಕೆನಡಾದ ಹಿಮಪ್ರದೇಶದ ಜನರ ಜೀವನವನ್ನು ಚಲನಚಿತ್ರಗಳಲ್ಲಿ ತೋರಿಸಿ, ಮನುಷ್ಯ ಮನುಷ್ಯನಾದುದು ಹೇಗೆ ಎಂದು ಮಕ್ಕಳನ್ನೇ ಯೋಚಿಸಲು ಹಚ್ಚುವ ಪಾಠ ಅದು. ತಮ್ಮ ಮಕ್ಕಳಿಗೆ ಪರಕೀಯ ನಡವಳಿಕೆ ಕಲಿಸಲಾಗುತ್ತಿದೆ ಎಂದು ಪಾಲಕರಲ್ಲಿ ಅಸಮಾಧಾನ ಹುಟ್ಟಿ, 1975ರಲ್ಲಿ ವಿಷಯ ಅಲ್ಲಿನ ಸಂಸತ್ತಿಗೆ ಹೋಯಿತು. ಸರ್ಕಾರದ ನೆರವು ನಿಂತಿತು. ಪಾಠ ಒಳ್ಳೆಯದೋ ಕೆಟ್ಟದ್ದೋ ಎಂಬ ವಾದ ಹಾಗಿರಲಿ. ಪಾಲಕರಿಗೆ ಮೊದಲೇ ತಿಳಿಯಹೇಳದ ಯಾವ ಪದ್ಧತಿಯೂ ಬಾಳುವುದಿಲ್ಲ ಎಂಬುದಂತೂ ಅದರಿಂದ ಕಾಣುತ್ತದೆ, ಮತ್ತು ನಮ್ಮಲ್ಲಿ ಆ ತಿಳಿಯಹೇಳುವ ಕೆಲಸಕ್ಕೆ ವಾರ್ಡಿನ ಸದಸ್ಯರಿಗಿಂತ ತಕ್ಕವರು ಇಲ್ಲ.

ಪಂಚಾಯಿತಿಯ ಕೈಯಲ್ಲಿರುವುದು

ಕಾಯ್ದೆಯ 9ನೆಯ ಕಲಮಿನ ಪ್ರಕಾರ ತನ್ನ ವ್ಯಾಪ್ತಿಯ 14 ವರ್ಷದೊಳಗಿನ ಮಕ್ಕಳ ದಾಖಲೆ ಇಡುವುದು, ವಲಸೆ ಕುಟುಂಬಗಳ ಮಕ್ಕಳ ಪ್ರವೇಶವನ್ನು ಖಚಿತಪಡಿಸುವುದು, ಶಾಲೆಗಳ ಕಾರ್ಯನಿರ್ವಹಣೆಯನ್ನು ಗಮನಿಸುವುದು ಸ್ಥಳೀಯ ಪ್ರಾಧಿಕಾರದ ಕರ್ತವ್ಯ. ಈ ದಾಖಲೆಯಲ್ಲಿ ಮಗುವಿನ ಮನೆಮಾತು ಯಾವುದು ಎಂಬ ಒಂದು ಅಂಕಣ ಸೇರಿಸಿಕೊಂಡರೆ, ಜೂನ್ ತಿಂಗಳಲ್ಲಿ ಒಂದನೆಯ ತರಗತಿಯ ಶಿಕ್ಷಕರಿಗೆ ಬಹಳ ನೆರವಾಗುತ್ತದೆ. ಹಳಿಯಾಳ ಭಾಗದಲ್ಲಿ ಕಬ್ಬು ಕಟಾವಿಗೆ ಬರುವ ಕುಟುಂಬಗಳ ಮಕ್ಕಳನ್ನೂ ಇದರಲ್ಲಿ ಬಿಡಬಾರದು.

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯು ಶಾಲಾ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವಾಗ ಮಾತೆಲ್ಲ ಕಾಂಪೌಂಡು, ಬಣ್ಣ, ಗೇಟುಗಳ ಸುತ್ತಲೇ ಸುತ್ತುತ್ತದೆ. ಅವೂ ಬೇಕು. ಆದರೆ ನಲಿ-ಕಲಿ ಕೊಠಡಿಯ ಮಾಡು ಸೋರಿ ಕಾರ್ಡುಗಳಿಗೆ ಬೂಷ್ಟು ಹಿಡಿದಿದ್ದರೆ ಆ ವರ್ಷದ ಮೊದಲ ಕಾಮಗಾರಿ ಅದೇ ಆಗಬೇಕು. ಜೋಯಿಡಾದ ಮಳೆಯಲ್ಲಿ ಕಾಗದವನ್ನು ಒಣದಾಗಿ ಇಡಬಲ್ಲ ಒಂದು ಕಬ್ಬಿಣದ ಕಪಾಟು, ಮಕ್ಕಳ ಎತ್ತರಕ್ಕೆ ಗೋಡೆಯಲ್ಲಿ ಕೆಳ ಹಲಗೆ, ಅವರು ಬಿಡಿಸಿದ್ದನ್ನು ತೂಗುಹಾಕುವ ಚಪ್ಪರದ ದಾರ, ಇವಕ್ಕೆ ತಗಲುವ ವೆಚ್ಚ ಗೇಟಿನ ವೆಚ್ಚಕ್ಕಿಂತ ಕಡಿಮೆ.

ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಚಿತ್ರಗಳು ಹೆಚ್ಚಿರುವ, ಒಂದೆರಡು ಸಾಲಿನ ಪುಸ್ತಕಗಳನ್ನು ಕೆಳಗಿನ ಹಲಗೆಯಲ್ಲಿ, ಮಗುವಿನ ಕೈಗೆಟುಕುವಂತೆ ಇಡಿಸಬೇಕು. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದ ಪುಸ್ತಕಗಳು ಬೀಗದೊಳಗೇ ಉಳಿದಿದ್ದರೆ ಹೊರತೆಗೆಯಿಸಬೇಕು. ಅಂಗನವಾಡಿಗೆ ಭೇಟಿ ಕೊಟ್ಟಾಗ ಆಹಾರದ ದಾಸ್ತಾನಿನ ಜೊತೆಗೆ ಆಟದ ಸಾಮಾನಿನ ದಾಸ್ತಾನನ್ನೂ ನೋಡಬೇಕು. ಮರದ ತುಂಡು ಜೋಡಿಸುವ, ಮಣ್ಣು ಕಲಸುವ, ಬೀಜ ಎಣಿಸುವ ಕೈಗೆ ಮುಂದೆ ಅಂಕಿ ಬೇಗ ಒಲಿಯುತ್ತದೆ.

ವರ್ಷಕ್ಕೊಮ್ಮೆ ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಮಾತನಾಡುವವರು ಸಾಮಾನ್ಯವಾಗಿ ಏಳು, ಎಂಟನೆಯ ತರಗತಿಯ, ಕನ್ನಡ ಚೆನ್ನಾಗಿ ಬಲ್ಲ ಮಕ್ಕಳೇ. ಈ ಸಲ ಎರಡು, ಮೂರನೆಯ ತರಗತಿಯ ಮಕ್ಕಳನ್ನೂ ಕರೆತರಲು ಮುಖ್ಯ ಶಿಕ್ಷಕರಿಗೆ ಮುಂಚಿತವಾಗಿ ತಿಳಿಸಿರಿ. ಕೊಂಕಣಿ, ಮರಾಠಿ ಬಲ್ಲ ಸದಸ್ಯರು ಅವರ ಬಳಿ ಕುಳಿತು, ಇತ್ತೀಚೆಗೆ ಯಾವ ಕಾರ್ಡು ಮಾಡಿದೆ, ಯಾರು ಹೇಳಿಕೊಟ್ಟರು, ಯಾವುದು ತಿಳಿಯಲಿಲ್ಲ ಎಂಬ ಮೂರು ಪ್ರಶ್ನೆಗಳನ್ನು ಅವರ ಮನೆಮಾತಿನಲ್ಲೇ ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಕನ್ನಡದಲ್ಲಿ ದಾಖಲಿಸತಕ್ಕದ್ದು.